ಶನಿವಾರದವರೆಗೆ ಮುಟ್ಟಬೇಡ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಆ ಹುಡುಗಿಯನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶಕ್ಕೆ ಒಂದೊಂದು ಲೇಖನ ಬರೆಯುವುದು ಅವಳ ತರಗತಿಗೆ ಆ ಸೆಮಿಸ್ಟರಿನ ಕೆಲಸ. ಬರೆದದ್ದರಲ್ಲಿ ಶನಿವಾರದವರೆಗೆ ಅಳಿಯದೆ ಉಳಿದಷ್ಟಕ್ಕೆ ಮಾತ್ರ ಮಾರ್ಕ್ಸ್. ಹಾಗಾಗಿ ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದೆಂದು ಎಲ್ಲರೂ ಒಳಗೊಳಗೇ ಮಾತಾಡಿಕೊಂಡಿದ್ದರು. ಕಳ್ಳರಲ್ಲೂ ಅಷ್ಟು ಒಗ್ಗಟ್ಟಿರುವುದಿಲ್ಲ.

ಲ್ಯಾಬಿನಲ್ಲಿ ಪಕ್ಕದ ಕುರ್ಚಿಯ ಗೆಳತಿ ಹಾವು ಕಡಿತದ ಬಗ್ಗೆ ಬರೆದಿದ್ದಳು: ಗಾಯವನ್ನು ಬ್ಲೇಡಿನಿಂದ ಕೊಯ್ದು, ವಿಷ ಹೀರಿ ಉಗುಳಬೇಕು. ಓದಿದ್ದೇ ತಡ, ಮೆಣಸಿನಕಾಯಿಗೆ ಪಿತ್ತ ನೆತ್ತಿಗೇರಿತು. ಯಾರೋ ಹೀಗೆ ಕೊಯ್ದಿದ್ದರಿಂದಲೇ ಅವಳ ಚಿಕ್ಕಪ್ಪ ಹೆಬ್ಬೆರಳು ಕಳೆದುಕೊಂಡಿದ್ದರು. ಅವಳು ಆ ಸಾಲನ್ನು ಅಳಿಸಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಬರೆದಳು. ಗೆಳತಿ ಹಳೆಯದನ್ನೇ ವಾಪಸ್ ಹಾಕಿದಳು. ಇವಳು ಮತ್ತೆ ಅಳಿಸಿದಳು. ಅದು ಮತ್ತೆ ಬಂತು. ಕೊನೆಗೆ ಗೆಳತಿ ಅಳುತ್ತಾ ಹೋಗಿ ಮೇಷ್ಟ್ರನ್ನೇ ಕರೆತಂದಳು.

"ಬೇರೆಯವ್ರ ಮಾರ್ಕ್ಸಿಗೆ ಯಾಕಮ್ಮ ಕಲ್ಲು ಹಾಕ್ತೀಯ?" ಎಂದರು ಮೇಷ್ಟ್ರು.

"ಸರ್, ಇದನ್ನ ಓದಿ ಯಾರಾದ್ರೂ ಹಾಗೇ ಮಾಡಿದ್ರೆ?"

"ತಪ್ಪು ಅಂತ ನಂಗೂ ಗೊತ್ತು. ಶನಿವಾರ ಮಾರ್ಕ್ಸ್ ಹಾಕ್ಬಿಡ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ತಿದ್ಕೊ. ಅಲ್ಲೀವರೆಗೆ ಸುಮ್ನಿರು."

ಮೆಣಸಿನಕಾಯಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಹಾಗಾದ್ರೆ ಹಾವಿಗೂ ಒಂದ್ಮಾತು ಹೇಳ್ಬಿಡಿ ಸರ್, ಶನಿವಾರದವರೆಗೆ ಯಾರನ್ನೂ ಕಚ್ಬೇಡ ಅಂತ."