ಬೀರಾನ್ ಕೋಯನ ಪೆಟ್ಟಿಯ ಹಿಂದಿನ ನಾಲ್ಕು ತಿರುಪು

ಕುಟ್ಟಿಚಿರದ ಕೊಳದ ಮೆಟ್ಟಿಲ ಮೇಲೆ ಈ ಕತೆಯನ್ನು ಮೂವರ ಬಾಯಿಂದ ಕೇಳಿದ್ದೇನೆ. ಒಬ್ಬರು ಹೇಳುವಾಗ ಸ್ಪೀಕರುಗಳು ಎರಡು, ಇನ್ನೊಬ್ಬರು ಹೇಳುವಾಗ ಆರು. ಬೀರಾನ್ ಕೋಯನ ಕಿವಿಯ ವಿಷಯದಲ್ಲಿ ಮಾತ್ರ ಪಾಠಾಂತರವಿಲ್ಲ: ಅದು ಮರದ ವ್ಯಾಪಾರಿಗೆ ಪೆನ್ಸಿಲು ಸಿಕ್ಕಿಸಲೆಂದು ದೇವರು ಕೊಟ್ಟ ಗೂಟ.

ಅಲ್ಲಿಯ ಕೋಯ ಮುಸಲ್ಮಾನರ ಪದ್ಧತಿಯಂತೆ ಅವನು ಇದ್ದದ್ದು ಹೆಂಡತಿಯ ತರವಾಡಿನಲ್ಲಿ, ಅಂದರೆ ಅವಳ ತಾಯಿಯ ಕಡೆಯ ಮನೆಯಲ್ಲಿ. ಮನೆ ಹೆಂಗಸರದು, ಗಂಡ ಮಣ್ಣಿಗೆ ಹೋಗುವವರೆಗೂ 'ಪುದಿಯಾಪ್ಲ', ಹೊಸ ಅಳಿಯ. ಮೀನಿನ ದೊಡ್ಡ ತುಂಡು ಅವನಿಗೇ. ಅವನ ಮಾತಿಗೆ ಯಾರೂ ಎದುರಾಡುವುದಿಲ್ಲ. ಇಪ್ಪತ್ತೆರಡು ವರ್ಷ ಎದುರುಮಾತು ಕೇಳದವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹುಟ್ಟಿದ್ದು ಸಹಜವೇ.

ದುಬೈಯಿಂದ ತರಿಸಿದ ಅವನ ಆಂಪ್ಲಿಫೈಯರಿಗೆ ರೇಡಿಯೋ, ರೆಕಾರ್ಡು, ಕ್ಯಾಸೆಟ್, ಸಿಡಿ ನಾಲ್ಕೂ ಜೋಡಣೆಯಾಗಿದ್ದವು. ಧ್ವನಿಯ ದೊಡ್ಡ ಗುಂಡಿಯ ಪಕ್ಕದಲ್ಲಿ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದ. ಯಾವುದನ್ನು ಹಾಕಿದರೂ ಗುಂಡಿ ಅಲ್ಲಿಗೇ ನಿಲ್ಲಬೇಕು.

"ಎಲ್ಲಕ್ಕೂ ಒಂದೇ ಗುರುತು. ನ್ಯಾಯ ಅಂದ್ರೆ ನ್ಯಾಯ," ಎನ್ನುತ್ತಿದ್ದ.

ಆ ನ್ಯಾಯದ ಫಲವಾಗಿ ಕ್ಯಾಸೆಟ್ ಪಿಸುಗುಟ್ಟುತ್ತಿತ್ತು. ಸಿಡಿ ಹಾಕಿದೊಡನೆ ಅಂಗಳದ ಹೆಂಚಿನ ಮೇಲಿನ ಕಾಗೆಗಳು ಹಾರಿಹೋಗುತ್ತಿದ್ದವು. "ಕೇಳಿದ್ರಾ? ಎದೆಗೇ ಗುದ್ದುತ್ತೆ. ಇದು ಸಂಗೀತ!" ಗುದ್ದಿಗೂ ಸಂಗೀತಕ್ಕೂ ಇರುವ ಅಂತರವನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮಗಳು ರೈಹಾನತ್ತಿನ ಮದುವೆ ಬಂತು. ಹೆಂಡತಿ ಇಂಬಿಚ್ಚಿ ಪಾತುಮ್ಮನಿಗೆ ಇದ್ದದ್ದು ಒಂದೇ ಆಸೆ: ಮದುಮಗಳು ಹೊರಗೆ ಬರುವಾಗ ತೀರಿಹೋದ ತನ್ನ ತಾಯಿ, ಉಮ್ಮ, ಹಾಡಿದ್ದ ಒಪ್ಪನ, ಹೆಂಗಸರ ಮದುವೆಹಾಡು, ಕೇಳಿಸಬೇಕು. ಆ ಮನೆಯ ಪ್ರತಿಯೊಬ್ಬ ಮದುಮಗಳೂ ಆ ದನಿಯ ಹಿಂದೆಯೇ ನಡೆದು ಬಂದವಳು. ಈಗ ಉಳಿದದ್ದು ಒಂದು ಕ್ಯಾಸೆಟ್ ಮಾತ್ರ.

"ಬಾವಿಗೆ ಬಿದ್ದ ಕಪ್ಪೆ ಕೂಗಿದ ಹಾಗಿದೆ," ಎಂದ ಬೀರಾನ್ ಕೋಯ. "ನಾನು ಪೇಟೆ ತಂಡದ ಸಿಡಿ ತಂದಿದ್ದೀನಿ. ಅನುಮಾನ ಇದ್ರೆ ಶುಕ್ರವಾರ ಎಲ್ಲರ ಮುಂದೆ ಎರಡನ್ನೂ ಹಾಕ್ತೀನಿ. ಅವರೇ ಕೈಯೆತ್ತಿ ಹೇಳಲಿ."

ಗುರುವಾರ ಅವನು ಕಲ್ಲಾಯಿಯ ಮರದ ಅಂಗಡಿಗೆ ಹೋದದ್ದೇ ತಡ, ಪಾತುಮ್ಮ ರೇಡಿಯೋ ರಿಪೇರಿಯ ಚಾತುಕುಟ್ಟಿಯನ್ನು ಕರೆಸಿದಳು. ಅವನು ಪೆಟ್ಟಿಯ ಹಿಂದಕ್ಕೆ ಟಾರ್ಚು ಬಿಟ್ಟು ನಕ್ಕ.

"ಅಕ್ಕಾ, ಸಿಡಿ ಹುಟ್ಟಿನಿಂದಲೇ ಜೋರು, ಕ್ಯಾಸೆಟ್ ಮೆಲ್ಲಗೆ. ಒಂದೇ ಗುರುತಲ್ಲಿಟ್ರೆ ಸಮ ಆಗುತ್ತಾ? ಅದಕ್ಕೇ ಒಂದೊಂದಕ್ಕೆ ಒಂದೊಂದು ತಿರುಪು ಕೊಟ್ಟಿದ್ದಾರೆ. ಇದನ್ನ ಯಾರೂ ಮುಟ್ಟೇ ಇಲ್ಲ."

"ಹಾಗಾದ್ರೆ ಉಮ್ಮನ ದನಿ ಎತ್ತಪ್ಪ."

"ಅವರ ತಿರುಪು ಅಂಗಡಿಯಿಂದ ಬಂದಾಗಲೇ ತುದೀಲಿದೆ. ಜೋರಿನವನನ್ನೇ, ಈ ಸಿಡಿಯನ್ನೇ, ಇಳಿಸಿ ಕೂರಿಸಬೇಕು. ಆಮೇಲೆ ಗುಂಡಿ ತಿರುಗಿಸಿ ಇಬ್ಬರನ್ನೂ ಒಟ್ಟಿಗೆ ಎತ್ತೋಣ."

ಚಾತುಕುಟ್ಟಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಾಕುತ್ತ ಸಿಡಿಯ ತಿರುಪು ತಿರುಗಿಸಿದ. ಕುದಿಯುವ ಸದ್ದಿನಿಂದಲೇ ಸಾರಿನ ಹದ ಹೇಳುವ ಪಾತುಮ್ಮ ಕಣ್ಣು ಮುಚ್ಚಿ ನಿಂತಳು. "ಇನ್ನೂ ಇಳಿಸು... ಇನ್ನೊಂದು ಚೂರು... ಹಾಂ, ಸಾಕು." ಬಳಿಕ ಹಳೆಯ ಚುಕ್ಕೆಯನ್ನು ಕೆರೆದು, ಮಗಳ ಉಗುರುಬಣ್ಣದಿಂದ ಎರಡು ಬೆರಳು ಮುಂದೆ ಹೊಸ ಚುಕ್ಕೆ ಇಟ್ಟಳು. ಸಿತಾರಿನ ಏಳು ತಂತಿಗಳ ನಡುವಣ ಭೇದ ಹೇಳಬಲ್ಲೆನೆಂದು ಜಂಬ ಕೊಚ್ಚುವವನಿಗೆ ಚುಕ್ಕೆ ಸರಿದದ್ದು ಕಣ್ಣಿಗೆ ಬೀಳಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಸೇರಿದರು. ಬೀರಾನ್ ಕೋಯ ಔದಾರ್ಯದಿಂದ ಕ್ಯಾಸೆಟ್ಟನ್ನು ಮೊದಲು ಹಾಕಿದ. ಉಮ್ಮನ ದನಿ ನಡುಮನೆಯನ್ನು ತುಂಬಿತು. ಮುದುಕಿಯರ ಬಾಯಲ್ಲಿ ವೀಳ್ಯ ಹಾಗೇ ನಿಂತಿತು. ಯಾರೋ ಅಂದರು, "ಅಲ್ಲಿ ಉಸಿರು ತಗೊಂಡ್ಳು ನೋಡು. ಅವಳೇ, ಅವಳೇ!"

ಆಮೇಲೆ ಸಿಡಿ. ಕಾಗೆಗಳು ಹಾರಲಿಲ್ಲ.

"ಇದು ಕೆಟ್ಟಿದೆ!" ಅವನು ಬಗ್ಗಿ ಸ್ಪೀಕರಿಗೆ ಕಿವಿ ಇಟ್ಟ. "ಗುದ್ದೇ ಇಲ್ಲ! ನಿನ್ನೆ ಇತ್ತಲ್ಲ!"

ಮನೆಯ ಹಿರಿಯಳಾದ ಮೂತ್ತುಮ್ಮ ವೀಳ್ಯವನ್ನು ಇನ್ನೊಂದು ಕೆನ್ನೆಗೆ ದೂಡಿದಳು. "ಏನೂ ಕೆಟ್ಟಿಲ್ಲ ಪುದಿಯಾಪ್ಲೇ. ಪಾಪ, ಈ ಪೇಟೆಯವರೂ ಚೆನ್ನಾಗೇ ಹಾಡ್ತಾರೆ. ಕೂಗಾಡೋದು ಬಿಟ್ಟ ಮೇಲೆ ಈಗ ತಾನೇ ನಮಗೆ ಕೇಳಿಸಿದ್ದು. ಉಮ್ಮನಿಗೆ ಯಾರು ಕೈಯೆತ್ತುತ್ತೀರಿ?"

ಮೇಲೇಳದ ಕೈ ಒಂದೇ. ಅದು ಗುಂಡಿಯನ್ನು ಹಿಡಿದುಕೊಂಡಿತ್ತು.

ಭಾನುವಾರ ರೈಹಾನತ್ ಅಜ್ಜಿಯ ಹಾಡಿನೊಡನೆ ಹೊರಗೆ ಬಂದಳು. ಪಾತುಮ್ಮ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಬೀರಾನ್ ಕೋಯ ಪೆಟ್ಟಿಯ ಪಕ್ಕದಲ್ಲಿ ನಿಂತು ಬೀಗರಿಗೆ ಹೇಳುತ್ತಿದ್ದ: "ನನ್ನ ಸೆಟ್ಟಿನ ಗುಣ ನೋಡಿ! ಸತ್ತ ಟೇಪಿಗೂ ಜೀವ ತಂದಿದೆ. ಇದನ್ನ ಗುರುತಿಸೋಕೆ ಕಿವಿ ಬೇಕು."

ಪಾತುಮ್ಮ ಅವನ ತಟ್ಟೆಗೆ ಮೀನಿನ ದೊಡ್ಡ ತುಂಡನ್ನೇ ಬಡಿಸಿದಳು. ಪುದಿಯಾಪ್ಲನಿಗೆ ಎದುರಾಡುವ ಪದ್ಧತಿ ಆ ಮನೆಯಲ್ಲಿಲ್ಲ.