ಹೊಲಿದ ಜಾಕೆಟ್ಟು ನೀರಿಗಿಳಿದಾಗ

ಗಂಡ ನೀರಿನ ಮೇಲೆ, ಹೆಂಡತಿ ದಡದ ಮೇಲೆ. ದೋಣಿಯವರ ಮನೆಗಳಲ್ಲೆಲ್ಲ ಇದೇ ಗೋಳು. ಹಾಯಿ ಹೊಲಿಯುವವಳ ಮನೆಯಲ್ಲಿ ಅದು ತುಸು ಜಾಸ್ತಿಯೇ ಇತ್ತು. ಅವಳು ಹೊಲಿದ ಹಾಯಿಯೇ ಅವಳ ಗಂಡನನ್ನು ದೂರ ಕರೆದೊಯ್ಯುತ್ತಿತ್ತು. ಹೊಲಿಗೆ ಚೆನ್ನಾಗಿ ಬಿದ್ದಷ್ಟೂ ಅವನು ಬೇಗ ಕಣ್ಮರೆಯಾಗುತ್ತಿದ್ದ. ಇನ್ನು ಸಿಟ್ಟು ಮಾಡುವುದಾದರೂ ಯಾರ ಮೇಲೆ ಹೇಳಿ!

ಅವನು ಹಾಯಿದೋಣಿಯಲ್ಲಿ ದ್ವೀಪಗಳಿಗೆ ಸಾಮಾನು ಸಾಗಿಸುತ್ತಿದ್ದ. ಜೊತೆಗೆ ಇಬ್ಬರು ಸಂಗಡಿಗರು. ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಅವನು ಬಿಟ್ಟುಹೋದ ಅಂಗಿಯನ್ನು ಒಗೆಯಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಕಿಟಕಿಯ ಬಳಿ ಹೊಲಿಯುತ್ತ ಕುಳಿತಾಗ ದೂರದಲ್ಲಿ ಬೆಳ್ಳಗೇನಾದರೂ ಕಂಡರೆ ಸಾಕು, ಕೆಲಸ ಬಿಟ್ಟು ಎದ್ದು ನಿಲ್ಲುವಳು. ನೋಡಿದರೆ ಬೇರೆ ಯಾರದೋ ದೋಣಿ. ಮತ್ತೆ ಕೂರುವಳು.

ಈ ಸಲ ಅವನು ಹೊರಡುವ ದಿನ ಹತ್ತಿರವಾದಂತೆ ಅವಳಿಗೆ ತಳಮಳ ಶುರುವಾಯಿತು. ಅವನು ದೋಣಿಗೆ ಬಣ್ಣ ಬಳಿಯುತ್ತಿದ್ದಾಗ ಮೂರು ಲೈಫ್ ಜಾಕೆಟ್ಟುಗಳನ್ನು ಮನೆಗೆ ಹೊತ್ತು ತಂದಳು. ಹಳೇ ಕಾಲದ ದಪ್ಪ ಜಾಕೆಟ್ಟುಗಳು. ಒಳಗಿನ ಬೂರುಗದ ಹತ್ತಿಯೆಲ್ಲ ಕೆಳಗೆ ಜಾರಿ, ಭುಜದ ಹತ್ತಿರ ಬರೀ ಬಟ್ಟೆ ಉಳಿದಿತ್ತು. ಹಾಯಿ ಹೊಲಿಯುವ ಕೈ ಅದನ್ನು ನೋಡಿ ಸುಮ್ಮನಿದ್ದೀತೇ? ಹೊರಗಿನಿಂದಲೇ ಒತ್ತಿ ಹತ್ತಿಯನ್ನು ಸಮ ಮಾಡಿ, ಮತ್ತೆ ಜಾರದ ಹಾಗೆ ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕಿದಳು. ಗಂಡನ ಜಾಕೆಟ್ಟಿಗೆ ಒಂದು ಸಾಲು ಹೆಚ್ಚೇ ಹಾಕಿದಳು.

ಹೊರಡುವ ದಿನ ಬೆಳಿಗ್ಗೆ ಅವನ ಅಕ್ಕ ಬಂದರು. ಅವರು ದೋಣಿಯವರ ಸಂಘದಲ್ಲಿ ಕೆಲಸ ಮಾಡುವವರು. ದೋಣಿ ದೋಣಿಗೂ ಹೋಗಿ ರಕ್ಷಣೆಯ ಸಾಮಾನು ನೋಡುವುದೇ ಅವರ ಕೆಲಸ. ಜಾಕೆಟ್ಟನ್ನು ಕೈಗೆ ತೆಗೆದುಕೊಂಡವರೇ ಹುಬ್ಬು ಗಂಟಿಕ್ಕಿದರು.

"ಇದನ್ನ ಯಾರು ಹೊಲಿದಿದ್ದು?"

"ನಾನೇ ಅತ್ತಿಗೆ. ಚೆನ್ನಾಗಿದೆಯಲ್ಲ?"

"ಹೊಲಿಗೆಗೇನು, ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ. ಅದೇ ನನಗೆ ಭಯ. ಒಂದ್ಸಲ ನೀರಿಗೆ ಹಾಕಿ ನೋಡೋಣ."

ಹಾಯಿ ಹೊಲಿಯುವವಳಿಗೆ ಮೈ ಉರಿಯಿತು. "ನೀರಿಗೆ ಯಾಕೆ ಹಾಕ್ಬೇಕು? ನಾನು ಹೊಲಿದ ಹಾಯಿ ಬಿರುಗಾಳಿಗೇ ಹರಿದಿಲ್ಲ. ಇದು ಹರಿಯುತ್ತಾ?"

"ಹರಿಯುತ್ತೆ ಅಂತ ಯಾರಂದ್ರು? ಇದು ತೇಲುತ್ತಾ ಅಂತ ಕೇಳ್ತಿದ್ದೀನಿ."

ಗಂಡ ನಡುವೆ ಬಾಯಿ ಹಾಕಿದ. "ಅಕ್ಕಾ, ಒಳ್ಳೆ ಗಾಳಿ ಬೀಸ್ತಿದೆ. ಈಗ ಹೊರಟರೆ ಸರಿ, ಇಲ್ಲಾಂದ್ರೆ ನಾಳೆನೇ. ನಿನ್ನ ಪರೀಕ್ಷೆ ಎಲ್ಲ ನಾನು ವಾಪಸ್ ಬಂದ ಮೇಲೆ ಇಟ್ಕೋ."

"ವಾಪಸ್ ಬರಬೇಕು ಅಂತಾನೇ ಕಣೋ ಈ ಪರೀಕ್ಷೆ. ಜಾಕೆಟ್ ಹಾಕ್ಕೊಂಡು ಇಳಿ, ಜಂಬ ಕೊಚ್ಚಬೇಡ. ಸೊಂಟಕ್ಕೆ ಹಗ್ಗ ಕಟ್ಟಿ ನಾನು ಹಿಡ್ಕೋತೀನಿ. ಕೈಕಾಲು ಮಾತ್ರ ಆಡಿಸಬೇಡ."

ಅಕ್ಕನ ಮಾತಿಗೆ ಎದುರಾಡುವ ಧೈರ್ಯ ಅವನಿಗೆ ಚಿಕ್ಕಂದಿನಿಂದಲೂ ಇರಲಿಲ್ಲ. ಜಾಕೆಟ್ಟು ತೊಟ್ಟು, ದೋಣಿ ನಿಲ್ಲುವ ಜೆಟ್ಟಿಯ ಮೆಟ್ಟಿಲಿಳಿದು ನೀರಿಗೆ ಬಿದ್ದ. ಎದೆಯವರೆಗೆ ನೀರಿನ ಮೇಲಿದ್ದು, ತಲೆಯೆತ್ತಿ ತೇಲಿದ. "ನೋಡಿದ್ಯಾ ಅಕ್ಕಾ? ಹಾಸಿಗೆ ಮೇಲೆ ಮಲಗಿದ ಹಾಗಿದೆ! ಒಂದು ದಿಂಬು ಎಸೀರಿ!" ಸಂಗಡಿಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಯಿ ಹೊಲಿಯುವವಳೂ ನಕ್ಕಳು, ಅತ್ತಿಗೆಯ ಕಡೆ ಓರೆಗಣ್ಣಿನಲ್ಲಿ ನೋಡುತ್ತ.

ಅತ್ತಿಗೆ ನಗಲಿಲ್ಲ. ಹಗ್ಗ ಹಿಡಿದು ಕಾಯುತ್ತಲೇ ಇದ್ದರು.

ಜಾಕೆಟ್ಟಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಅವಳ ಹೊಲಿಗೆಯ ಒಂದೊಂದು ತೂತಿನಿಂದಲೂ, ಸಾಲು ಸಾಲಾಗಿ. ಅವನ ಭುಜ ಮುಳುಗಿತು. ಆಮೇಲೆ ಕತ್ತು. ತಮಾಷೆ ಮಾಡಲು ಬಾಯಿ ತೆರೆದವನಿಗೆ ಉಪ್ಪುನೀರು ಒಳಗೆ ಹೋಗಿ ಕೆಮ್ಮು ಬಂತು. ಹಾಯಿ ಹೊಲಿಯುವವಳು ಓಡಿ ಬಂದಳು. "ಅತ್ತಿಗೆ, ಎಳೀರಿ! ಎಳೀರಿ ಅತ್ತಿಗೆ!" ಎಂದು ತಾನೇ ಹಗ್ಗಕ್ಕೆ ಕೈ ಹಾಕಿದಳು. ಸಂಗಡಿಗರೂ ಕೈಜೋಡಿಸಿ, ಎಲ್ಲರೂ ಸೇರಿ ಮೇಲೆಳೆದರು. ಜಾಕೆಟ್ಟು ನೀರು ಕುಡಿದು ಅವನನ್ನೇ ಕೆಳಗೆ ಜಗ್ಗುತ್ತಿತ್ತು.

ಅತ್ತಿಗೆ ಹೊಲಿಗೆ ಬಿಚ್ಚಿ ತೋರಿಸಿದರು. "ನೋಡು, ಹತ್ತಿ ಈ ಪ್ಲಾಸ್ಟಿಕ್ ಚೀಲದೊಳಗೆ ಇರುತ್ತೆ. ಚೀಲಕ್ಕೆ ನೀರು ಹೋಗದಿದ್ರೆ ತೇಲುತ್ತೆ. ಸೂಜಿ ಚುಚ್ಚಿದ್ಯೋ, ಮುಗೀತು. ಹತ್ತಿ ಜಾರಿತ್ತಲ್ಲ, ಆಗಲೇ ಇದರ ಆಯುಸ್ಸು ತೀರಿತ್ತು. ಹೊಲಿಯೋದಲ್ಲ, ಬದಲಾಯಿಸಬೇಕಿತ್ತು."

ಹಾಯಿ ಹೊಲಿಯುವವಳು ಅಲ್ಲೇ ಕುಸಿದು ಕುಳಿತು ಅತ್ತಳು. "ನೀವು ನನ್ನ ಹತ್ರ ವಾಪಸ್ ಬರ್ಲಿ ಅಂತ ಹೊಲಿದೆ ರೀ. ಒಂದೊಂದು ಹೊಲಿಗೆಗೂ ಅದನ್ನೇ ಅಂದ್ಕೋತಿದ್ದೆ."

"ಗೊತ್ತು ಕಣೇ," ಎಂದ ಅವನು, ಇನ್ನೂ ಕೆಮ್ಮುತ್ತ. "ಅಕ್ಕಾ, ಬೇರೆ ಏನೇನು ನೋಡ್ಬೇಕು ಹೇಳು. ಗಾಳಿ ನಾಳೆನೂ ಬೀಸುತ್ತೆ."

ಅವತ್ತಿಡೀ ದೋಣಿಯನ್ನು ಮೂಲೆಮೂಲೆ ತಡಕಿದರು. ಅಪಾಯದಲ್ಲಿ ಆಕಾಶಕ್ಕೆ ಹಾರಿಸುವ ಕೆಂಪು ಬೆಳಕಿನ ಬಾಣಗಳ ಅವಧಿ ಎಂದೋ ಮುಗಿದಿತ್ತು. ಬೆಂಕಿ ಆರಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಕೆಂಪಿಗೆ ಇಳಿದಿತ್ತು. ನೀರು ಹೊರಹಾಕುವ ಪಂಪಿನ ಬಾಯಲ್ಲಿ ಚಿಂದಿ ಸಿಕ್ಕಿಕೊಂಡಿತ್ತು. ಬಿದ್ದವರಿಗೆ ಎಸೆಯುವ ತೇಲುವ ರಿಂಗನ್ನಂತೂ ಈ ಮೂವರು ಮಹರಾಯರು ಕಂಬಿಗೆ ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ, ಗಂಟು ಬಿಚ್ಚುವಷ್ಟರಲ್ಲಿ ಬಿದ್ದವನು ಎಲ್ಲಿರುತ್ತಿದ್ದನೋ! ಸಂಜೆಯೊಳಗೆ ಸಂಘದಿಂದ ಹೊಸ ಜಾಕೆಟ್ಟು, ಹೊಸ ಬಾಣ, ತುಂಬಿದ ಸಿಲಿಂಡರು ಬಂದವು. ಗಂಡ, ಸಂಗಡಿಗರು ಮೂವರೂ ಹೊಸ ಜಾಕೆಟ್ಟು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸರದಿಯಂತೆ ನೀರಿಗಿಳಿದರು. ಎಷ್ಟು ಹೊತ್ತಾದರೂ ಮುಳುಗಲಿಲ್ಲ.

ಹಾಯಿ ಹೊಲಿಯುವವಳಿಗೆ ಗಂಡ ಒಂದು ರಾತ್ರಿ ಹೆಚ್ಚಿಗೆ ಸಿಕ್ಕಿದ. ಅದಕ್ಕೆ ಅವಳು ಒಳಗೊಳಗೇ ಖುಷಿಪಟ್ಟಳು. ಸುಳ್ಳು ಯಾಕೆ ಹೇಳಬೇಕು?

ಮಾರನೆಯ ಬೆಳಿಗ್ಗೆ ಜೆಟ್ಟಿಯ ಮೇಲೆ ನಿಂತು ಅವನ ಜಾಕೆಟ್ಟಿನ ಪಟ್ಟಿಯನ್ನು ಅವಳೇ ಎಳೆದು ಕಟ್ಟಿದಳು.

"ಬಿಗಿ ಆಯ್ತು ಕಣೇ, ಉಸಿರು ಕಟ್ತಿದೆ."

"ಕಟ್ಟಲಿ. ದಡ ಬಿಟ್ಟ ತಕ್ಷಣ ಬಿಚ್ಚಿ ಎಸೆದೀರಿ, ಜೋಕೆ! ಅವರಿಬ್ಬರಿಗೂ ಹೇಳಿದ್ದೀನಿ, ಬಂದು ಚಾಡಿ ಹೇಳ್ತಾರೆ."

ದೋಣಿ ಸಣ್ಣದಾಯಿತು, ಚುಕ್ಕಿಯಾಯಿತು, ಇಲ್ಲವಾಯಿತು. ಅವಳು ನೋಡುತ್ತಲೇ ನಿಂತಳು. ಆಸೆ, ಸಂಕಟ ಎಲ್ಲ ಹಿಂದಿನಷ್ಟೇ ಇತ್ತು. ಅದಕ್ಕೇನೂ ಮದ್ದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ದೋಣಿಯೇರುತ್ತಾರೆಯೇ? ಹಾಗಾದರೆ ಇವತ್ತೇ ಅವರ ಜಾಕೆಟ್ಟು ಹೊರಗೆ ತೆಗೆಯಿರಿ. ಹರಿದಿದ್ದರೆ, ಒಳಗಿನ ಹತ್ತಿ ಜಾರಿದ್ದರೆ ಹೊಲಿಯಬೇಡಿ, ಬದಲಾಯಿಸಿ. ದಡದ ಬಳಿ ಹಗ್ಗ ಕಟ್ಟಿ, ಹಿಡಿಯಲು ಜನ ಇಟ್ಟುಕೊಂಡು, ನೀರಿನಲ್ಲಿ ಪರೀಕ್ಷೆ ಮಾಡಿ. ಬೆಳಕಿನ ಬಾಣದ ಅವಧಿ, ಸಿಲಿಂಡರಿನ ಮುಳ್ಳು, ಪಂಪು, ಎಸೆಯುವ ರಿಂಗು, ಎಲ್ಲವನ್ನೂ ಪ್ರತಿ ಸಲ ಹೊರಡುವ ಮುಂಚೆ ಕೈಯಿಂದ ಮುಟ್ಟಿ ನೋಡಿ. ಗಾಳಿ ತಪ್ಪಿಹೋಗುತ್ತದೆ ಎಂದು ಅವರು ಅವಸರ ಮಾಡುತ್ತಾರೆ, ಮಾಡಲಿ. ನೀವು ಬಿಡಬೇಡಿ. ದಾರಿ ಕಾಯುವವರು ನೀವು, ಕೇಳುವ ಹಕ್ಕು ನಿಮಗಿದೆ.