ದಾರದುಂಡೆ ಗುಂಪು ಬಿಟ್ಟದ್ದು

ಗಾರ್ಮೆಂಟ್ಸ್ ಫ್ಯಾಕ್ಟರಿಯ ಚೆಕಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಶರ್ಟುಗಳನ್ನು ತಿರುವಿ ಒಳಮೈ ನೋಡಿಕೊಂಡೇ ಬಂದವಳು ಮನುಷ್ಯರನ್ನೂ ಹಾಗೇ ನೋಡಿದರೆ ಅದರಲ್ಲಿ ಅವಳ ತಪ್ಪೇನು? ತಪ್ಪು ಇದೆ, ಸಾಕಷ್ಟೇ ಇದೆ. ಆದರೆ ಅದಕ್ಕೆ ಮೊದಲು ಅವಳ ಕೆಲಸ ಎಂಥದ್ದೆಂದು ತಿಳಿದಿರಲಿ. ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಮೇಜು. ಎಡಗಡೆ ಹೊಲಿದು ಬಂದ ಶರ್ಟುಗಳ ರಾಶಿ, ಬಲಗಡೆ ಪಾಸಾದವು. ಬಿಟ್ಟುಹೋದ ಹೊಲಿಗೆ, ಸುಕ್ಕಾದ ಕಾಲರು, ಜೋತುಬಿದ್ದ ದಾರ, ಎಲ್ಲಿ ದೋಷ ಕಂಡಿತೋ ಅಲ್ಲಿ ಕೆಂಪು ಬಾಣದ ಸ್ಟಿಕರ್ ಅಂಟಿಸಿ ವಾಪಸ್ ಕಳಿಸಬೇಕು. ಒಂದು ಶರ್ಟಿಗೆ ನಲವತ್ತು ಸೆಕೆಂಡು. ಚೆನ್ನಾಗಿರುವುದರ ಮೇಲೆ ಅಂಟಿಸಲು ಯಾವ ಸ್ಟಿಕರನ್ನೂ ಕಂಪನಿ ಕೊಟ್ಟಿರಲಿಲ್ಲ. ಹೊಲಿಯುವ ಹುಡುಗಿಯರು ಅವಳನ್ನು ಎದುರಿಗೆ ಚೆಕಿಂಗ್ ಅಕ್ಕ ಎನ್ನುತ್ತಿದ್ದರು, ಆ ಕಡೆ ತಿರುಗಿದರೆ ಬಾಣ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು.

ನಾವೂ ಅಕ್ಕ ಎಂದೇ ಕರೆಯೋಣ. ಮನೆಯಲ್ಲಿ ಅವಳು ಒಬ್ಬಳೇ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟರು. ಒಂಬತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಓದಿಸಿ, ಮದುವೆ ಮಾಡಿ, ನಾಲ್ಕು ಬಸ್‌ಸ್ಟಾಪಿನ ಆಚೆಗೆ ಕಳಿಸಿಕೊಡುವಷ್ಟರಲ್ಲಿ ಇವಳ ಮದುವೆಯ ವಯಸ್ಸು ಹೇಳದೆ ಕೇಳದೆ ದಾಟಿಹೋಗಿತ್ತು. ಭಾನುವಾರ ತಂಗಿ ಊಟಕ್ಕೆ ಬರುತ್ತಾಳೆ. ಉಳಿದ ಆರು ದಿನಕ್ಕೆ ಅಕ್ಕನಿಗೆ ಇದ್ದದ್ದು ಫೋನಿನಲ್ಲಿ ತಾನೇ ಕಟ್ಟಿದ ‘ಸೂಜಿದಾರ’ ಎಂಬ ಕಸೂತಿ ಗುಂಪು.

ಸೂಜಿದಾರಕ್ಕೆ ಎರಡು ನಿಯಮ. ಒಂದು, ಕಸೂತಿಯ ಫೋಟೋ ಹಾಕಿದರೆ ಬಟ್ಟೆಯ ಹಿಂಬದಿಯನ್ನೂ ಹಾಕಬೇಕು. ಎದುರಿಗೆ ಹೂವು ಯಾರು ಬೇಕಾದರೂ ಅರಳಿಸುತ್ತಾರೆ, ಹಿಂದೆ ದಾರ ಹೇಗೆ ಓಡಿದೆ, ಗಂಟು ಎಲ್ಲಿ ಬಿದ್ದಿದೆ ಎನ್ನುವುದರಲ್ಲೇ ಕೈ ಗೊತ್ತಾಗುವುದು ಎಂಬುದು ಅಕ್ಕನ ಸಿದ್ಧಾಂತ. ಎರಡು, ಗುಂಪು ಬಿಡುವವರು ಕಾರಣ ಬರೆದು ಬಿಡಬೇಕು. ಯಾರಾದರೂ ಫೋಟೋ ಹಾಕಿದ ಹತ್ತು ನಿಮಿಷಕ್ಕೆ ಅಕ್ಕನ ಉತ್ತರ ಬರುತ್ತಿತ್ತು. ಮೂರನೇ ಎಸಳಿನಲ್ಲಿ ದಾರ ಬಿಗಿಯಾಗಿದೆ. ಎಲೆಯ ತುದಿಯಲ್ಲಿ ಬಟ್ಟೆ ಎಳೆದಿದೆ. ಬಿಚ್ಚಿ ಮತ್ತೆ ಮಾಡಿ. ಒಂದು ಮಾತೂ ಸುಳ್ಳಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಇದೆ. ಇವರು ಯಾರೂ ಒದೆಯಲಿಲ್ಲ, ಸದ್ದಿಲ್ಲದೆ ಕಾಲಿಗೆ ಬುದ್ಧಿ ಹೇಳಿದರು.

ಇನ್ನೂರ ಹದಿನಾಲ್ಕು ಜನ ಇದ್ದದ್ದು ಮೂರು ವರ್ಷದಲ್ಲಿ ಮೂವತ್ತೊಂದಕ್ಕೆ ಇಳಿಯಿತು. ಹೋದವರ ಕಾರಣಗಳನ್ನೆಲ್ಲ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಮಗು ಹುಟ್ಟಿತು. ಮನೆ ಬದಲಾಯಿಸಿದೆವು. ಟೈಮೇ ಸಿಗುತ್ತಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬಳು ಕಣ್ಣು ನೋವು ಎಂದು ಬರೆದು ಹೋದಾಗ ಅಕ್ಕ ಅವಳಿಗೆ ದೀಪವನ್ನು ಯಾವ ಪಕ್ಕದಲ್ಲಿಟ್ಟುಕೊಂಡು ಹೊಲಿಯಬೇಕೆಂದು ಒಂದು ಪುಟದ ಉತ್ತರ ಕಳಿಸಿದ್ದಳು. ಎಲ್ಲವನ್ನೂ ನಂಬಿದ್ದಳು. ಒಳಮೈ ನೋಡದೆ ಶರ್ಟು ಬಿಡದವಳು ಮನುಷ್ಯರು ಬರೆದುಕೊಟ್ಟ ಕಾರಣವನ್ನು ಮಾತ್ರ ತಿರುವಿ ನೋಡಿರಲಿಲ್ಲ.

ತಂಗಿ ಸೂಜಿದಾರದಲ್ಲಿ ಮೊದಲಿನಿಂದ ಇದ್ದಳು, ಹೆಸರಿಗೆ. ಒಂದು ದಿನವೂ ಏನನ್ನೂ ಹಾಕಿದವಳಲ್ಲ. “ನನಗೆಲ್ಲಿ ಬರುತ್ತೆ ಅಕ್ಕ, ನಾನು ನೋಡೋಕೆ ಮಾತ್ರ” ಎನ್ನುತ್ತಿದ್ದಳು. ಅಕ್ಕನೂ ಹೌದೆಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ತೆರೆದಾಗ ಸೂಜಿದಾರದಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವ ಸದಸ್ಯರೊಬ್ಬರ ಸಂದೇಶ ಕಂಡಿತು: “ಹೊಸಬರು ಹೆದರಬೇಡಿ. ನಮ್ಮ ‘ಸುಮ್ನೆ ಹೊಲಿಗೆ’ಯಲ್ಲಿ ಹಿಂಬದಿ ಕೇಳೋರು ಯಾರೂ ಇಲ್ಲ. ಧೈರ್ಯವಾಗಿ ಹಾಕಿ.” ಒಂದು ಗುಂಪಿಗೆ ಹಾಕಬೇಕಾದದ್ದನ್ನು ಇನ್ನೊಂದಕ್ಕೆ ಹಾಕಿಬಿಟ್ಟಿದ್ದರು. ಕೆಳಗೆ ಆ ಗುಂಪಿಗೆ ಸೇರುವ ಲಿಂಕೂ ಇತ್ತು. ಅಕ್ಕ ಅದನ್ನು ಒತ್ತಿ ಹೆಸರು ನೋಡಿ ವಾಪಸ್ ಬರುವಷ್ಟರಲ್ಲಿ ಸಂದೇಶ ಅಳಿಸಿಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಲೈಬ್ರರಿಯವರು ಐದೇ ನಿಮಿಷದಲ್ಲಿ ಟೈಮ್ ಸಿಗುತ್ತಿಲ್ಲ ಎಂದು ಬರೆದು ಸೂಜಿದಾರವನ್ನೇ ಬಿಟ್ಟುಹೋದರು.

ಈ ಗುಂಪುಗಳಿದ್ದ ಆ್ಯಪ್‌ನಲ್ಲಿ ಅಡ್ಡಹೆಸರೊಂದಿದ್ದರೆ ಸಾಕು, ಇನ್ನೇನೂ ಕಾಣುವುದಿಲ್ಲ. ಅಕ್ಕ ಮನೆಗೆ ಬಂದು, ಕಾಲೂ ತೊಳೆಯದೆ, ಆ ಗುಂಪನ್ನು ಹುಡುಕಿ, ದಾರದುಂಡೆ ಎಂಬ ಹೊಸ ಹೆಸರಿನಲ್ಲಿ ಸೇರಿದಳು.

ಎಲ್ಲರೂ ಅಲ್ಲಿದ್ದರು, ಹೆಸರು ಬೇರೆಯಿದ್ದರೂ ಹೊಲಿಗೆ ನೋಡಿಯೇ ಅಕ್ಕ ಗುರುತು ಹಿಡಿದಳು. ಮಗು ಹುಟ್ಟಿದವಳು, ಮನೆ ಬದಲಾಯಿಸಿದವಳು, ಟೈಮ್ ಸಿಗದವರು. ಕಣ್ಣು ನೋವಿನ ನರ್ಸು ಸಾಸಿವೆ ಕಾಳಿನಷ್ಟು ಗಂಟುಗಳಿಂದ ಇಡೀ ನವಿಲು ತುಂಬಿಸಿ ಹಾಕಿದ್ದಳು. ನೂರ ನಲವತ್ತು ಜನ. ಹಳೆಯ ಮಾತುಗಳನ್ನು ಸರಿಸುತ್ತ ಹೋದ ಅಕ್ಕನಿಗೆ ತನ್ನ ಪ್ರಸ್ತಾಪವೂ ಸಿಕ್ಕಿತು. “ಅವರು ಹೇಳೋದೆಲ್ಲ ಸರಿಯಾಗೇ ಇರುತ್ತೆ. ಅದಕ್ಕೇ ಹೋಗೋಕೆ ಮನಸ್ಸಾಗಲ್ಲ,” ಎಂದು ಯಾರೋ ಬರೆದಿದ್ದರು. ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಬೈದವರಿಗೆ ತಿರುಗಿಸಿ ಹೇಳಬಹುದು.

ಗುಂಪು ಕಟ್ಟಿದವಳ ಅಡ್ಡಹೆಸರು ಕರ್ಚೀಫು. ಅವಳು ಹಾಕಿದ ಕಸೂತಿಗಳು ಅರವತ್ತಕ್ಕೂ ಹೆಚ್ಚಿದ್ದವು. ಅದರಲ್ಲೊಂದು ಕೋಣೆಯ ಚಿತ್ರ: ಎರಡು ಮಂಚ, ಕಿಟಕಿ, ಅಂಚು ಮುರಿದ ದೀಪ, ದೀಪದ ಕೆಳಗೆ ಬೆನ್ನು ತಿರುಗಿಸಿ ಕೂತು ಬಟ್ಟೆ ಹೊಲಿಯುತ್ತಿರುವ ಹುಡುಗಿ. ಅಕ್ಕ ಆ ದೀಪವನ್ನು ಗುರುತಿಸಿದಳು. ಅದರ ಅಂಚು ಮುರಿದದ್ದು ತಂಗಿಯ ಚೆಂಡು ತಾಗಿ. ಚಿತ್ರದ ಕೆಳಗೆ ಬರೆದಿತ್ತು: “ನಮ್ಮಕ್ಕ. ನನ್ನನ್ನು ಓದಿಸಿದವಳು. ಇದನ್ನು ಅವಳಿಗೆ ತೋರಿಸೋ ಧೈರ್ಯ ಇನ್ನೂ ಬಂದಿಲ್ಲ.”

ಏನು ಹೇಳುವುದು, ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಹುಡುಗಿಯ ಭುಜದಲ್ಲಿ ದಾರ ಸಡಿಲವಾಗಿದೆ ಎಂಬುದು. ಆಮೇಲೆ ಅದು ತನ್ನದೇ ಭುಜ ಎಂಬುದು. ಆಮೇಲೆ ಅಳು ಬಂತು. ಅಳು ಮೂರನೆಯದಾಗಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ದಾರದುಂಡೆಯಾಗಿ ಒಂದೇ ಮಾತು ಬರೆದಳು: “ತುಂಬಾ ಚೆನ್ನಾಗಿದೆ.” ಬರೆದು ಕಳಿಸಲು ಅರ್ಧ ಗಂಟೆ ಹಿಡಿಯಿತು.

ಕರ್ಚೀಫು ತಕ್ಷಣ ಉತ್ತರಿಸಿದಳು. “ಥ್ಯಾಂಕ್ಸ್. ನಿಮಗೂ ಅಕ್ಕ ಇದ್ದಾರಾ?”

“ತಂಗಿ ಇದ್ದಾಳೆ.”

“ಅವರಿಗೂ ಕಸೂತಿ ಬರುತ್ತಾ?”

“ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.”

ಹೀಗೆ ಶುರುವಾಯಿತು. ದಿನವೂ ಸಂಜೆ ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಕ್ಕ ತನ್ನ ತಂಗಿಯ ಜೊತೆ ಅಪರಿಚಿತಳಾಗಿ ಮಾತಾಡುತ್ತಿದ್ದಳು. ಪಕ್ಕದ ಸೀಟಿನವಳು ಇಣುಕಿದರೆ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ನಲವತ್ತೇಳನೇ ವಯಸ್ಸಿನಲ್ಲಿ ಇದೆಂಥ ಕದ್ದುಮುಚ್ಚಿ ಮಾತು ಎಂದು ಸೆಕ್ಷನ್ನಿನ ಹುಡುಗಿಯರು ಕಣ್ಣು ಮಿಟುಕಿಸಿಕೊಂಡರು. ಯಾರೋ ಗಂಡಸು ಸಿಕ್ಕಿದ್ದಾನೆ ಎಂಬ ಸುದ್ದಿ ಕಾಲರ್ ಸೆಕ್ಷನ್ನಿನವರೆಗೂ ಹೋಯಿತು. ಆ ದಿನಗಳಲ್ಲಿ ಅವಳ ಬಾಣಗಳೂ ಕಮ್ಮಿಯಾದವು ಎಂದು ಸೂಪರ್‌ವೈಸರ್ ಒಮ್ಮೆ ಕರೆದು ಕೇಳಿದ್ದುಂಟು.

ಕರ್ಚೀಫು ಎಂಬ ಹೆಸರು ಯಾಕೆ ಎಂದು ದಾರದುಂಡೆ ಒಂದು ಸಂಜೆ ಕೇಳಿದಳು. ಹನ್ನೊಂದು ವರ್ಷದವಳಿದ್ದಾಗ ಶಾಲೆಯ ಸ್ಪರ್ಧೆಗೆಂದು ಕರ್ಚೀಫಿನ ಮೇಲೆ ಗಿಳಿ ಹೊಲಿದಿದ್ದೆ, ಕೊಕ್ಕು ವಾರೆಯಾಗಿತ್ತು, ಎಂದು ತಂಗಿ ಬರೆದಳು. ಬೆಳಗ್ಗೆ ಎದ್ದು ನೋಡಿದರೆ ಅಕ್ಕ ಅದನ್ನು ಪೂರ್ತಿ ಬಿಚ್ಚಿ ತಾನೇ ಹೊಲಿದಿಟ್ಟಿದ್ದಳು. ಮೊದಲನೇ ಬಹುಮಾನ ಬಂತು. “ಎಲ್ಲರೂ ಚಪ್ಪಾಳೆ ಹೊಡೆದ್ರು. ನನ್ನ ಗಿಳಿ ಎಲ್ಲಿ ಹೋಯ್ತು ಅಂತ ನಾನು ಯಾರನ್ನು ಕೇಳಲಿ?”

ಅಕ್ಕನಿಗೆ ಬಹುಮಾನ ನೆನಪಿತ್ತು. ಗಿಳಿ ನೆನಪಿರಲಿಲ್ಲ.

ಇನ್ನೊಂದು ಸಂಜೆ, ಮತ್ತೆ ಸೂಜಿ ಹಿಡಿದದ್ದು ಯಾವಾಗ ಎಂಬ ಮಾತು ಬಂತು. ಉತ್ತರ ಬರಲು ಎರಡು ಸ್ಟಾಪು ಕಳೆಯಿತು. “ನಾಲ್ಕು ವರ್ಷದ ಹಿಂದೆ ಹೊಟ್ಟೇಲಿದ್ದ ಮಗು ಹೋಯ್ತು. ಐದನೇ ತಿಂಗಳು. ಕೈ ಸುಮ್ನೆ ಇದ್ರೆ ಹುಚ್ಚು ಹಿಡಿಯುತ್ತೆ ಅನಿಸ್ತಿತ್ತು. ಅಕ್ಕನಿಗೆ ಹೇಳಲಿಲ್ಲ. ಮಗು ಇರೋದೂ ಹೇಳಿರಲಿಲ್ಲ, ಗಟ್ಟಿಯಾಗಲಿ ಅಂತ ಕಾಯ್ತಿದ್ದೆ. ಹೋದಮೇಲೆ ಜ್ವರ ಅಂದೆ. ಹೇಳಿದ್ರೆ ಡಾಕ್ಟರ ಹತ್ರ ಮೊದಲೇ ಯಾಕೆ ಹೋಗಲಿಲ್ಲ ಅಂತ ಕೇಳ್ತಿದ್ಲು. ಸರಿಯಾದ ಪ್ರಶ್ನೇನೇ. ಅದನ್ನ ತಡ್ಕೊಳೋ ಶಕ್ತಿ ಇರಲಿಲ್ಲ.”

ಅಕ್ಕನಿಗೆ ಆ ಜ್ವರ ನೆನಪಾಯಿತು. ನೋಡಲು ಹೋದವಳು ಮಂಚದ ಪಕ್ಕ ನಿಂತು, ಹೊತ್ತು ಹೊತ್ತಿಗೆ ಉಣ್ಣುವುದಿಲ್ಲ, ಮೈಮೇಲೆ ನಿಗಾ ಇಲ್ಲ, ನಿನ್ನ ಜ್ವರಕ್ಕೆ ನೀನೇ ಕಾರಣ ಎಂದು ಹೇಳಿ ಬಂದಿದ್ದಳು. ತಂಗಿ ಗೋಡೆ ಕಡೆ ತಿರುಗಿ ಹೂಂ, ಹೂಂ ಎಂದಿದ್ದಳು. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಅಕ್ಕ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ತನ್ನ ಸ್ಟಾಪು ದಾಟಿ ಹೋದದ್ದೂ ಗೊತ್ತಾಗಲಿಲ್ಲ.

ಆ ದಿನ ದಾರದುಂಡೆ ಬರೆದದ್ದು ಇಷ್ಟೇ: “ನಿಮ್ಮ ತಪ್ಪು ಏನೂ ಇರಲಿಲ್ಲ. ಒಂಚೂರೂ ಇಲ್ಲ.”

“ನಾಲ್ಕು ವರ್ಷದಿಂದ ಈ ಮಾತು ಯಾರಾದ್ರೂ ಹೇಳಲಿ ಅಂತ ಕಾಯ್ತಿದ್ದೆ,” ಎಂದು ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು: “ನಾವು ಒಂದ್ಸಲ ಸಿಗೋಣ್ವಾ? ನಿಮ್ಮನ್ನ ನೋಡಬೇಕು ಅನಿಸ್ತಿದೆ. ಶನಿವಾರ ಆಗುತ್ತಾ?”

ಸೋಮವಾರದಿಂದ ಶುಕ್ರವಾರದ ತನಕ ಅಕ್ಕ ಅದಕ್ಕೆ ಉತ್ತರ ಬರೆಯುವುದು, ಅಳಿಸುವುದು ಮಾಡಿದಳು. ನಾನೇ ಕಣೆ ಎಂದು ಹೇಳಿಬಿಟ್ಟರೆ ಏನಾಗುತ್ತದೆ? ತಂಗಿ ಮೊದಲು ನಗಬಹುದು. ಆಮೇಲೆ ಎರಡು ತಿಂಗಳ ಮಾತನ್ನೆಲ್ಲ ಮೊದಲಿನಿಂದ ಓದುತ್ತಾಳೆ. ಹೇಳಬಾರದೆಂದು ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಯಾರಿಂದ ಮುಚ್ಚಿಟ್ಟೆನೋ ಅವಳ ಕೈಗೇ ಕೊಟ್ಟೆ ಎಂದು ತಿಳಿದ ಮೇಲೆ ಅವಳು ಆ ಗುಂಪಿನಲ್ಲಿ ಕೂರುತ್ತಾಳೆಯೇ, ಇನ್ನೊಬ್ಬ ಅಪರಿಚಿತಳನ್ನು ನಂಬುತ್ತಾಳೆಯೇ, ಸೂಜಿ ಹಿಡಿಯುತ್ತಾಳೆಯೇ? ಒಮ್ಮೆ ಅವಳ ಗಿಳಿ ಬಿಚ್ಚಿದ್ದು ಸಾಲದೆ ಎಂದುಕೊಂಡಳು ಅಕ್ಕ. ಹಾಗೆಂದು ಸುಳ್ಳು ಹೇಳಿ ಮುಂದುವರಿಸಿದರೆ, ಇವತ್ತಲ್ಲ ನಾಳೆ ಸಿಕ್ಕಿಬೀಳುವುದೇ. ಯೋಚಿಸಿ ಯೋಚಿಸಿ ಸಾಕಾಗಿ, ಶುಕ್ರವಾರ ಸಂಜೆ ಬಸ್ಸು ಹತ್ತುವ ಮೊದಲು ದಾರದುಂಡೆ ಗುಂಪು ಬಿಟ್ಟಳು. ಆ ಹೆಸರನ್ನೇ ಅಳಿಸಿಹಾಕಿದಳು. ಸುಮ್ನೆ ಹೊಲಿಗೆಯಲ್ಲಿ ಕಾರಣ ಕೇಳುವ ಪದ್ಧತಿ ಇರಲಿಲ್ಲ.

ಭಾನುವಾರ ತಂಗಿ ಬಂದಳು. ತಟ್ಟೆ ಮುಂದೆ ಕೂತು ಬೆರಳಾಡಿಸುತ್ತಿದ್ದಳೇ ಹೊರತು ಉಣ್ಣಲಿಲ್ಲ. ಇಂಥ ಹೊತ್ತಿಗೆ ಅಕ್ಕ ಏನೆನ್ನುತ್ತಿದ್ದಳೆಂದು ಇಬ್ಬರಿಗೂ ಗೊತ್ತು. ಈ ಸಲ ಅನ್ನಲಿಲ್ಲ.

“ಏನಾಯ್ತೇ?”

“ಏನಿಲ್ಲ. ಫೋನಲ್ಲಿ ಒಬ್ಬಳು ಫ್ರೆಂಡ್ ಇದ್ಲು. ಇದ್ದಕ್ಕಿದ್ದ ಹಾಗೆ ಹೊರಟುಹೋದ್ಲು. ಒಂದು ಮಾತೂ ಹೇಳದೆ.”

“ಏನೋ ತೊಂದರೆ ಇರಬೇಕು ಪಾಪ ಅವಳಿಗೆ.”

“ಇಲ್ಲ ಅಕ್ಕ. ಸಿಗೋಣ ಅಂದೆ ನಾನು. ಅದು ಜಾಸ್ತಿ ಆಯ್ತು ಅನಿಸುತ್ತೆ. ನನ್ನದೇ ತಪ್ಪು.”

“ನಿನ್ನ ತಪ್ಪು ಏನೂ ಇಲ್ಲ,” ಎಂದಳು ಅಕ್ಕ.

ತಂಗಿ ತಲೆಯೆತ್ತಿ ನೋಡಿದಳು. ಆ ಮಾತು ಆ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಅಕ್ಕ ತಡೆಯಲಾರದೆ ಅವಳ ಕೈ ಹಿಡಿದುಕೊಂಡಳು. ತಂಗಿಯ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ತಂಗಿ ಮೆಲ್ಲಗೆ ಕೈ ಬಿಡಿಸಿಕೊಂಡು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

“ನಿನಗೆ ಹೇಗೆ ಗೊತ್ತು ಅಕ್ಕ, ನನ್ನ ತಪ್ಪಿಲ್ಲ ಅಂತ?”

“ಗೊತ್ತಿಲ್ಲ. ಸುಮ್ನೆ ಅಂದೆ.”

“ಬಿಡು. ನಿನಗೆ ಇದೆಲ್ಲ ಅರ್ಥ ಆಗಲ್ಲ. ಅವಳ ಹತ್ರ ಏನು ಬೇಕಾದ್ರೂ ಹೇಳಬಹುದಿತ್ತು. ಅಂಥವರು ಮತ್ತೆ ಸಿಗಲ್ಲ.”

“ಹೂಂ,” ಎಂದಳು ಅಕ್ಕ. “ಇನ್ನೊಂಚೂರು ಹಾಕ್ಲಾ?”

ತಂಗಿ ಬೇಡವೆಂದು ಎದ್ದು ಕೈ ತೊಳೆದಳು. ಅಕ್ಕ ಅವಳ ಜೊತೆ ಬಸ್‌ಸ್ಟಾಪಿನವರೆಗೂ ಹೋದಳು. ಬಸ್ಸು ಬಂತು, ತಂಗಿ ಹತ್ತಿ ಕಿಟಕಿ ಪಕ್ಕದಲ್ಲೇ ಕೂತಳು. ಕೂತವಳೇ ಫೋನು ತೆಗೆದಳು. ದಾರದುಂಡೆಯಿಂದ ಏನಾದರೂ ಬಂದಿದೆಯೇ ಎಂದು ನೋಡಿದಳು, ಇಲ್ಲ, ಮತ್ತೆ ನೋಡಿದಳು. ಕೈಗೆಟುಕುವಷ್ಟು ಹತ್ತಿರದಲ್ಲಿ ಕಿಟಕಿಯ ಕೆಳಗೆ ಅಕ್ಕ ನಿಂತಿದ್ದಳು. ಬಸ್ಸು ಹೊರಡುವ ತನಕ ತಂಗಿ ಫೋನಿನಿಂದ ತಲೆಯೆತ್ತಲಿಲ್ಲ.